ಅತ್ತೆಗೆ ಬೇರೆ ಬಟ್ಟಲು

ರೈತರ ಸಂತೆಯಲ್ಲಿ ಎಳೆ ಬೀನ್ಸಿಗೆ ಜನ ಮುಗಿಬಿದ್ದಿದ್ದರು. ಬಲಿತದ್ದು ಬೇಕೆಂದವಳು ಕಿರಿಸೊಸೆ ಒಬ್ಬಳೇ.

"ಎಳೇದು ಒಂದು ಕಿಲೋ ಕೊಡಿ. ಬಲಿತದ್ದು ಒಂದು ಹಿಡಿ ಬೇರೆ ಕಟ್ಟಿ."

ತರಕಾರಿಯಾಕೆ ತಕ್ಕಡಿ ಹಿಡಿದುಕೊಂಡೇ ಅವಳ ಮುಖ ನೋಡಿದಳು. "ಬಲಿತದ್ದು ಯಾಕಮ್ಮ? ದನ ಸಾಕಿದ್ದೀರಾ?"

"ಇಲ್ಲ. ಅತ್ತೆ ಊಟಕ್ಕೆ ಬರ್ತಿದ್ದಾರೆ."

ತರಕಾರಿಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬುಟ್ಟಿಯ ತಳ ಕೆದಕಿ, ಬೀಜ ಉಬ್ಬಿ ಹಳದಿಗೆ ತಿರುಗಿದ್ದನ್ನೆಲ್ಲ ಹೆಕ್ಕಿ ಪೊಟ್ಟಣ ಕಟ್ಟಿದಳು. "ಇದನ್ನ ಸುಮ್ನೆ ತಗೊಂಡು ಹೋಗಿ. ನಮ್ಮನೇಲೂ ಒಬ್ಬರಿದ್ದಾರೆ."

ಕಿರಿಸೊಸೆಯೂ ನಕ್ಕಳು. ಆದರೆ ಪೊಟ್ಟಣವನ್ನು ಚೀಲದ ತಳಕ್ಕೆ ತುರುಕಿ, ಮೇಲೆ ಅಣಬೆ, ಈರುಳ್ಳಿ, ಬೆಣ್ಣೆ ಇಟ್ಟು ಮುಚ್ಚಿದಳು.

ಮಾವ ತೀರಿಕೊಂಡ ಮೇಲೆ, ಅಮ್ಮ ಯಾರ ಮನೆಯಲ್ಲಿರಬೇಕು ಎಂದು ಗಂಡುಮಕ್ಕಳಿಬ್ಬರೂ ಗುಸುಗುಸು ಶುರು ಮಾಡಿದ್ದರು. ಅತ್ತೆಯೇ ಅವರ ಬಾಯಿ ಮುಚ್ಚಿಸಿದ್ದರು. "ನನ್ನನ್ನ ಚೆಂಡು ಮಾಡ್ಕೊಂಡು ಆಡ್ಬೇಡಿ. ವರ್ಷದ ಕೊನೇ ರಜೆಗೆ ಎಲ್ಲಾ ಸೇರ್ತೀವಲ್ಲ, ಅವತ್ತು ಓವನ್ನಲ್ಲಿ ಬೇಯಿಸೋ ರಜೆಯ ಬೀನ್ಸ್ ತಿಂದು ನಾನೇ ಹೇಳ್ತೀನಿ. ನಾಲಿಗೆಗೆ ಹಿಡಿಸಿದ ಮನೇಲಿ ಇರ್ತೀನಿ." ಅಂದಿನಿಂದ ಅದೇ ಕಾನೂನು. ಸರದಿಯಂತೆ ಒಬ್ಬರ ಮನೆಯಲ್ಲಿ ಊಟ. ಹಿಡಿಸಿದರೆ ಅತ್ತೆಯ ಪೆಟ್ಟಿಗೆ ಅಲ್ಲೇ ಇಳಿಯುತ್ತದೆ. ಹಿಡಿಸದಿದ್ದರೆ ಇದ್ದಲ್ಲೇ ಇರುತ್ತದೆ.

ಎರಡು ವರ್ಷದ ಹಿಂದೆ ಕಿರಿಸೊಸೆಯ ಸರದಿ ಬಂದಾಗ ಓವನ್ ಕೆಟ್ಟು ಬೀನ್ಸ್ ಕರಕಲಾಗಿತ್ತು. ಅತ್ತೆ ಹಿರಿಯ ಮಗನ ಮನೆಯಲ್ಲೇ ಉಳಿದರು. ಮರುವರ್ಷ ಹಿರಿಸೊಸೆ ಮೆಣಸಿನಪುಡಿಯ ಡಬ್ಬಿಯನ್ನೇ ಬಗ್ಗಿಸಿದ್ದಳು. ಕೈತಪ್ಪಿ ಬಿತ್ತು ಎಂದಳು, ಯಾರೂ ನಂಬಲಿಲ್ಲ. ಅತ್ತೆ ಮಾತ್ರ ಹಣೆ ಒರೆಸಿಕೊಳ್ಳುತ್ತಾ "ಹಿತವಾಗಿದೆ" ಎಂದು ಮತ್ತೆ ಅಲ್ಲೇ ಕೂತರು. ಖಾರ ತಿನ್ನುವ ಜೀವ, ಅದಕ್ಕೆಲ್ಲ ಜಗ್ಗುವುದಿಲ್ಲ ಎಂದು ಕಿರಿಸೊಸೆ ಲೆಕ್ಕ ಹಾಕಿದಳು. ನಾರು, ಸಪ್ಪೆ. ಇವೆರಡನ್ನು ನುಂಗುವ ಮನುಷ್ಯರಿಲ್ಲ.

ಈ ವರ್ಷ ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚನ್ನು ಚೌಕಟ್ಟಿಗೆ ಹೊಂದುವಂತೆ ಉಜ್ಜುವವಳು. ಅಂಗಡಿಯ ಯಜಮಾನರು ಬಂದರಿನ ಊರಲ್ಲಿ ಎರಡನೇ ಅಂಗಡಿ ತೆರೆದಿದ್ದರು. "ಅದನ್ನ ನೀನೇ ನೋಡ್ಕೊ. ರಜೆ ಮುಗಿಯೋದರೊಳಗೆ ಹೇಳು, ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀನಿ" ಎಂದಿದ್ದರು. ರಜೆ ಇವತ್ತಿಗೆ ಮುಗಿಯುತ್ತಿತ್ತು. ಗಂಡ ಲಿಫ್ಟ್ ರಿಪೇರಿಯವನು, ಎಲ್ಲಿ ಹೋದರೂ ಕೆಲಸಕ್ಕೆ ಬರವಿಲ್ಲ. ಆದರೂ ಅವನು ಹೇಳಿದ್ದು ಒಂದೇ ಮಾತು: "ಅಮ್ಮ ಅಣ್ಣನ ಮನೇಲೇ ಇದ್ರೆ ಹೋಗೋಣ. ಇಲ್ಲಿಗೆ ಬಂದ್ರೆ ನೋಡೋಣ." ಅವನ ಬಾಯಲ್ಲಿ ನೋಡೋಣ ಎಂದರೆ ಆಗಲ್ಲ ಎಂದೇ ಅರ್ಥ. ಅತ್ತೆಯಂತೂ ತಮ್ಮ ಡಾಕ್ಟರನ್ನೂ ಇಸ್ಪೀಟಿನ ಗೆಳತಿಯರನ್ನೂ ಬಿಟ್ಟು ಈ ಊರಿಂದ ಅಲುಗಾಡುವವರಲ್ಲ.

ಅಡುಗೆಮನೆ ಎಂದರೆ ಒಂದು ಗೂಡು. ಓವನ್ ಬಾಗಿಲು ತೆರೆದರೆ ಅಡುಗೆಮನೆಯ ಬಾಗಿಲು ತೆರೆಯುವುದಿಲ್ಲ, ಒಳಗಿದ್ದವರು ಒಳಗೇ. ಕಿರಿಸೊಸೆ ಎಳೆ ಬೀನ್ಸಿನ ತುದಿ ಮುರಿದು ಉಪ್ಪುನೀರಿನಲ್ಲಿ ಕುದಿಸಿ, ಹಸಿರು ಮಾಸದಂತೆ ತಣ್ಣೀರಿಗೆ ಹಾಕಿದಳು. ಅಣಬೆ ಹೆಚ್ಚಿ, ನೀರು ಇಂಗುವ ತನಕ ಬೆಣ್ಣೆಯಲ್ಲಿ ಬಾಡಿಸಿದಳು. ಮೈದಾ, ಹಾಲು, ಕೆನೆ ಸೇರಿಸಿ ಗಂಟಾಗದಂತೆ ತಿರುವಿದಳು. ಈರುಳ್ಳಿಯನ್ನು ಎಳೆ ಎಳೆಯಾಗಿ ಹೆಚ್ಚಿ ಕೆಂಪಗೆ ಕರಿದಳು. ಎಲ್ಲವನ್ನೂ ದೊಡ್ಡ ಗಾಜಿನ ಪಾತ್ರೆಗೆ ಸುರಿದು ಮೇಲೆ ಚೀಸ್ ತುರಿದಳು.

ಅತ್ತೆಗೆ ಚೀಸ್ ಆಗದು, ಹೊಟ್ಟೆ ಉಬ್ಬರಿಸುತ್ತದೆ. ಆದ್ದರಿಂದ ಅವರ ಪಾಲು ಎಂದಿನಂತೆ ಬೇರೆ ಬಟ್ಟಲಲ್ಲಿ. ಅದಕ್ಕೆ ಬಲಿತ ಬೀನ್ಸನ್ನು ನಾರು ತೆಗೆಯದೆ, ಬೇಯಿಸಿಯೂ ಬೇಯಿಸದಂತೆ ಹಾಕಿದಳು. ಮೈದಾವನ್ನು ಹಸಿಯಾಗಿಯೇ ನೀರಲ್ಲಿ ಕದಡಿ ಸುರಿದಳು, ಉಪ್ಪಿನ ಡಬ್ಬಿ ಮುಟ್ಟಲಿಲ್ಲ. ಮೇಲೆ ಕರಿದ ಈರುಳ್ಳಿ ಹರಡಿದಾಗ ಬಟ್ಟಲು ಎಷ್ಟು ಚೆಂದ ಕಂಡಿತೆಂದರೆ ಅವಳಿಗೇ ನಾಚಿಕೆಯಾಯಿತು. ನಾಚಿಕೆ ಇದ್ದರೇನು, ಬಟ್ಟಲನ್ನು ಓವನ್ನಿಗೆ ತಳ್ಳಿದಳು.

ಮಧ್ಯಾಹ್ನ ಅವರು ಬಂದರು. ಮೊದಲು ಭಾವ, ಹಿಂದೆ ಅತ್ತೆ, ಕೊನೆಗೆ ಹಿರಿಸೊಸೆ. ಬಾಗಿಲಲ್ಲೇ ಅವಳು ಮೂಗರಳಿಸಿದಳು.

"ಅಬ್ಬಾ, ಏನು ಘಮ! ಅತ್ತೆ, ನಿಮ್ಮ ಅದೃಷ್ಟ ನೋಡಿ."

"ತಿನ್ನದೆ ಹೇಗೆ ಗೊತ್ತಾಯ್ತಕ್ಕ?" ಎಂದಳು ಕಿರಿಸೊಸೆ.

"ನಿನ್ನ ಕೈರುಚಿ ಗೊತ್ತಿಲ್ವಾ? ನನ್ನ ಅಡುಗೆ ಬಿಡು, ನಮ್ಮ ಬೆಕ್ಕೂ ಮೂಸಲ್ಲ." ಇಷ್ಟು ಹುರುಪಿನಿಂದ ತನ್ನನ್ನೇ ಹಳಿದುಕೊಳ್ಳುವವರನ್ನು ಕಿರಿಸೊಸೆ ನೋಡಿರಲಿಲ್ಲ.

ಎಲ್ಲರೂ ಕೂತರು. ಅತ್ತೆಯ ಮುಂದೆ ಬಟ್ಟಲು ಬಂತು. ಅವರು ತಿನ್ನುವ ತನಕ ಉಳಿದವರು ಚಮಚ ಎತ್ತುವಂತಿಲ್ಲ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು, ಬಾಯಿ ಒರೆಸಿಕೊಂಡರು, ಇನ್ನೊಂದು ತುತ್ತು ತಿಂದರು, ಮತ್ತೆ ಒರೆಸಿಕೊಂಡರು.

"ಚೆನ್ನಾಗಿದೆ" ಎಂದರು ಅತ್ತೆ. "ಬೀನ್ಸ್ ಬೆಣ್ಣೆ ಹಾಗಿದೆ. ಉಪ್ಪು ಹದವಾಗಿದೆ. ನಾನು ಈ ಸಲ ಇಲ್ಲೇ ಇರ್ತೀನಿ."

"ಪೆಟ್ಟಿಗೆ ಕಾರಲ್ಲೇ ಇದೆ!" ಹಿರಿಸೊಸೆಯ ಬಾಯಿಂದ ಹಾರಿತು. ಭಾವ ಕೆಮ್ಮಿ ಮಾತು ತೇಲಿಸಿದ. "ಅಂದ್ರೆ... ಇರ್ಲಿ ಅಂತ ತಂದಿದ್ವಿ."

ಕಿರಿಸೊಸೆಯ ಗಂಡ ಅವಳ ಕಡೆ ನೋಡಲಿಲ್ಲ. ತಟ್ಟೆ ತುಂಬ ಬಡಿಸಿಕೊಂಡು "ಅಮ್ಮ ಹೇಳಿದ್ಮೇಲೆ ಆಯ್ತು" ಎಂದ. ಎಲ್ಲರೂ ಮುಕ್ಕತೊಡಗಿದರು. ಹೊಗಳಿಕೆ ನಿಲ್ಲಲೇ ಇಲ್ಲ. ಒಂದೊಂದು ಮಾತೂ ಹೊರಗಿನಿಂದ ಚಿಲಕ ಹಾಕಿದಂತೆ ಕೇಳಿಸಿತು.

ಊಟವಾದ ಮೇಲೆ ಕಿರಿಸೊಸೆ ಅತ್ತೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ತಳದಲ್ಲಿ ಅಂಟಿದ್ದನ್ನು ಬೆರಳಲ್ಲಿ ಬಳಿದು ನೆಕ್ಕಿದಳು. ಸಪ್ಪೆ, ಹಸಿ ಮೈದಾದ ಅಂಟು. ಪಕ್ಕದಲ್ಲಿ ಅತ್ತೆ ಬಾಯಿ ಒರೆಸಿದ ಕಾಗದ ಮುದ್ದೆಯಾಗಿತ್ತು. ಬಿಡಿಸಿದಳು. ಅಗಿದು ಅಗಿದು ಉಳಿದ ನಾರು, ಹೊಲಿಗೆ ಬಿಚ್ಚಿದ ದಾರದ ಹಾಗೆ, ಹಿಡಿಯಷ್ಟು.

"ಅದನ್ನೇನು ನೋಡ್ತೀಯಾ, ಬಿಸಾಕು."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ಬಾಗಿಲು ಮುಚ್ಚಿದರು. ಇಬ್ಬರಿಗೆ ಅಲ್ಲಿ ಜಾಗ ಸಾಲದು. ಸೊಸೆಯ ಬೆನ್ನು ನಲ್ಲಿಗೆ ಒತ್ತಿತು.

"ಇದರಲ್ಲಿ ಉಪ್ಪೇ ಇಲ್ಲ ಅತ್ತೆ."

"ಇದ್ರೂ ಒಂದೇ, ಇಲ್ಲದಿದ್ರೂ ಒಂದೇ ನನಗೆ. ನಿಮ್ಮ ಮಾವ ತೀರಿಕೊಂಡ ವರ್ಷ ನನಗೆ ಜ್ವರ ಬಂತಲ್ಲ, ಆಗಲೇ ರುಚಿ ಹೋಯ್ತು. ವಾಸನೆಯೂ ಇಲ್ಲ."

"ಮತ್ತೆ ಯಾರ ಮನೆ ಅಂತ ಹೇಗೆ ಹೇಳ್ತಿದ್ರಿ?"

"ಇನ್ನೇನಾದ್ರೂ ಹೇಳೋ ಹಕ್ಕು ನನಗೆ ಎಲ್ಲಿ ಉಳಿದಿತ್ತು? ಇದೊಂದಿತ್ತು, ಹೇಳ್ದೆ." ಅತ್ತೆ ಧ್ವನಿ ಏರಿಸಲಿಲ್ಲ. "ನಾರು ಹಲ್ಲಿಗೆ ಗೊತ್ತಾಗುತ್ತೆ ಕಣೆ. ಅಷ್ಟು ದಡ್ಡಿ ಅಲ್ಲ ನಾನು. ಅಲ್ಲಿ ದೊಡ್ಡವನ ಮನೇಲಿ ನಾನು ನಡುಮನೆಗೆ ಬಂದ್ರೆ ಅವರು ಎದ್ದು ರೂಮಿಗೆ ಹೋಗ್ತಾರೆ. ನೀನಾದ್ರೆ ನಾನು ಬೇಡ ಅನ್ನೋದನ್ನ ಬಟ್ಟಲಲ್ಲಿ ತೋರಿಸಿದ್ದೀಯಾ, ಮುಖದಲ್ಲಿ ಇನ್ನೂ ತೋರಿಸಿಲ್ಲ."

ಕಿರಿಸೊಸೆಗೆ ಸಿಟ್ಟು ಬಂತು. ಅತ್ತೆಯ ಮೇಲೆ ಬರಬೇಕಾಗಿದ್ದ ಸಿಟ್ಟು ಅಲ್ಲಿ ನಿಲ್ಲಲಿಲ್ಲ. ಹೊರಗೆ ಅತ್ತೆಯ ಗಂಡುಮಕ್ಕಳಿಬ್ಬರೂ ಹೊಟ್ಟೆ ಸವರಿಕೊಂಡು ಟಿ.ವಿ. ನೋಡುತ್ತಿದ್ದರು. ಇವರ ಅಮ್ಮ ಎಲ್ಲಿರಬೇಕು ಎಂಬುದನ್ನು ಸೊಸೆಯರ ಒಲೆಗೆ ಬಿಟ್ಟು, ಪ್ರತಿ ವರ್ಷ ಬಂದು ಉಂಡು ಹೋಗುವುದಷ್ಟೇ ಇವರ ಕೆಲಸ.

"ಬಂದರಿನ ಊರಿನ ಹೊಸ ಅಂಗಡಿ ನೋಡ್ಕೊ ಅಂತ ನಮ್ಮ ಅಂಗಡಿಯವರು ಹೇಳಿದ್ದಾರೆ. ನೀವು ಇಲ್ಲಿಗೆ ಬಂದ್ರೆ ಹೋಗೋಕಾಗಲ್ಲ. ಅದಕ್ಕೆ ಹೀಗೆ ಮಾಡ್ದೆ."

"ನೀನು ಹೋಗೋಕಾಗಲ್ಲ ಅಂದಿದ್ದು ನಾನಾ?" ಎಂದರು ಅತ್ತೆ.

ಅವಳು ಬಾಗಿಲು ತೆರೆದು ಹೊರಗೆ ಬಂದಳು. ಹಿರಿಸೊಸೆ ಆಗಲೇ ಪೆಟ್ಟಿಗೆ ತರಿಸಿ ಕೋಣೆಯಲ್ಲಿಟ್ಟು, ಒಂದು ಕಾಲಿಗೆ ಚಪ್ಪಲಿ ಹಾಕಿದ್ದಳು.

"ಒಂದು ನಿಮಿಷ ಅಕ್ಕ. ಎಲ್ಲರೂ ಕೇಳಿ. ಅತ್ತೆ ಇಲ್ಲೇ ಇರ್ತಾರೆ. ಹೋಗೋಳು ನಾನು. ಬಂದರಿನ ಊರಿನ ಅಂಗಡಿ ಒಪ್ಕೊಳ್ತಿದ್ದೀನಿ. ವಾರದ ರಜೆಗೆ ಬರ್ತೀನಿ."

"ಮತ್ತೆ ಅಮ್ಮನ್ನ ಯಾರು ನೋಡ್ಕೊಳ್ತಾರೆ?" ಭಾವ ಕೇಳಿದ.

"ಅವರ ಮಗ."

ಯಾವ ಮಗ ಎಂದು ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಗಂಡ ಎದ್ದು ನಿಂತ. "ನಾನಾ? ನನಗೆ ಅಡುಗೆ ಎಲ್ಲಿ ಬರುತ್ತೆ?"

"ನನಗೆ ರುಚಿ ಎಲ್ಲಿ ಗೊತ್ತಾಗುತ್ತೆ?" ಎಂದರು ಹಿಂದಿನಿಂದ ಅತ್ತೆ.

ಹಿರಿಸೊಸೆಯ ಇನ್ನೊಂದು ಚಪ್ಪಲಿ ಕೈಯಲ್ಲೇ ಉಳಿಯಿತು. "ಹಾಗಾದ್ರೆ ಹೋದ ವರ್ಷದ ಮೆಣಸು..."

"ಕಣ್ಣಲ್ಲಿ ನೀರು ಬಂತಮ್ಮ, ರುಚಿ ಬರ್ಲಿಲ್ಲ."

ಗಂಡ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ. "ಜನರ ಮುಂದೆ ಯಾಕೆ ಇದೆಲ್ಲ? ಅವರು ಹೋಗ್ಲಿ. ಆಮೇಲೆ ನೋಡೋಣ."

ಅವರು ಹೋದರೆ ಆಮೇಲೆ ಎಂಬುದು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎಲ್ಲರ ಎದುರೇ ಅಂಗಡಿಯ ಯಜಮಾನರಿಗೆ ಫೋನ್ ಹಚ್ಚಿದಳು. ರಿಂಗ್ ಆಗುತ್ತಿದ್ದಷ್ಟು ಹೊತ್ತೂ ಗಂಡ ಕೈ ಚಾಚಿಕೊಂಡೇ ನಿಂತಿದ್ದ, ಕೊಡು ಎನ್ನುವ ಹಾಗೆ.

ಆ ಕಡೆಯಿಂದ "ಹಲೋ" ಬಂತು. ಯಜಮಾನರು ಮತ್ತೆ ಹಲೋ ಎಂದರು. ಅವಳು ಗಂಡನಿಗೆ ಬೆನ್ನು ತಿರುಗಿಸಿ ಗೋಡೆ ನೋಡುತ್ತಾ ಹೇಳಿದಳು: "ಬರ್ತೀನಿ ಸಾರ್."