ಕೆಂಪಿಯ ಪಥ್ಯ

“ಬರೇ ರೊಟ್ಟಿ, ನುಚ್ಚು ಹಾಕಿದ್ರ ಹಾಲು ಎಲ್ಲಿಂದ ಬರಬೇಕ್ರಿ ಪರಮೇಶ್ವರಪ್ಪಾರ? ಬಾಣಂತಿ ನಾಯಿ ಇದು. ಮಾಂಸ ಹಾಕ್ರಿ, ಇಲ್ಲಾಂದ್ರ ತತ್ತಿನಾದ್ರೂ ಹಾಕ್ರಿ,” ಎಂದು ಚಿಕ್ಕೇರೂರಿನ ಪಶುವೈದ್ಯರು ಕೆಂಪಿಯ ಬತ್ತಿದ ಮೊಲೆಗಳನ್ನು ಒತ್ತಿ ನೋಡಿ ಎದ್ದರು. ಮೂರು ಮರಿಗಳಲ್ಲಿ ಒಂದು ಆಗಲೇ ಸತ್ತಿತ್ತು.

“ನಮ್ಮ ಮನ್ಯಾಗ ಅದರ ಹೆಸರ ಎತ್ತಬ್ಯಾಡ್ರಿ ಸಾಹೇಬ್ರ,” ಎಂದ ಪರಮೇಶ್ವರಪ್ಪ, ಮುಖ ಗಂಟಿಕ್ಕಿಕೊಂಡು.

ಲಿಂಗಪೂಜೆಯಾಗದೆ ನೀರು ಮುಟ್ಟದ ಮನುಷ್ಯ. ಮರಿಯಿದ್ದಾಗ ತಂದ ಕೆಂಪಿಯನ್ನೂ ತನ್ನಂತೆಯೇ ಮಾಡಿಬಿಟ್ಟಿದ್ದ. ಎಲ್ಲಿಂದಲೋ ಎಲುಬು ಕಚ್ಚಿಕೊಂಡು ಅಂಗಳಕ್ಕೆ ಬಂದರೆ ಬಾರುಕೋಲಿನ ಏಟು. ತಿಪ್ಪೆಗೆ ಒಯ್ದು ಬಿಸಾಕಿ ಬಂದರೆ ತಲೆ ಸವರುವುದು. ಪಾಪದ ಪ್ರಾಣಿ, ಬೇಗ ಕಲಿಯಿತು. “ನಮ್ಮ ಕೆಂಪಿಗೆ ಲಿಂಗಾ ಕಟ್ಟೂದೊಂದ ಬಾಕಿ ನೋಡ್ರಿ!” ಎಂದು ಬಂದವರೆದುರು ಹಿಗ್ಗಿದ್ದೇ ಹಿಗ್ಗಿದ್ದು. ಆ ಹಿಗ್ಗಿಗಿಷ್ಟು ಬೆಂಕಿ ಹಾಕ! ಬಸುರಿಯಾದಾಗಲೂ ಅದಕ್ಕೆ ಸಿಕ್ಕಿದ್ದು ಅದೇ ರೊಟ್ಟಿ, ಅದೇ ಮಜ್ಜಿಗೆ.

ಮರುದಿನ ಬೆಳಗ್ಗೆ ಇನ್ನೊಂದು ಮರಿ ತಣ್ಣಗಾಗಿತ್ತು. ಹೆಂಡತಿ ಹಾಲವ್ವ ಅದನ್ನು ಸೆರಗಿನಲ್ಲಿ ತಂದು ಗಂಡನ ಮುಂದಿಟ್ಟಳು.

“ಬಾಣಂತಿನ ಉಪಾಸ ಕೆಡವಿ ಅದ್ಯಾವ ಪುಣ್ಯಾ ಗಳಸಾಕತ್ತೀರಿ? ನಾನೂ ಹಡದಾಕಿ. ಹೊಟ್ಟಿ ಉರಿತೈತ್ರಿ ನಂಗ.”

ಪರಮೇಶ್ವರಪ್ಪ ಸತ್ತ ಮರಿಯನ್ನೇ ನೋಡುತ್ತ ಕೂತ. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಗುರುತಿನವರು ಕಾಣಬಾರದೆಂದು ಹಂಸಭಾವಿಗೆ ಬಸ್ಸು ಹತ್ತಿದ.

ಹಣೆಯ ವಿಭೂತಿ ನೋಡಿ ಮಟನ್ ಅಂಗಡಿಯ ವಸೀಮ ಗಾಬರಿಯಾದ. “ಅಜ್ಜಾರ, ಅಂಗಡಿ ತಪ್ಪಿ ಬಂದ್ರೇನ್ರಿ?”

“ಇಲ್ಲಪಾ. ನಾಯಿಗೆ ಬೇಕು. ಮೆತ್ತಂದ ಕೊಡು.”

ಮನೆಗೆ ಬಂದವನೇ ಹಿತ್ತಲಲ್ಲಿ ತನ್ನ ಕೈಯಾರೆ ಚೀಲ ಬಿಚ್ಚಿದ. ಟವೆಲ್ಲು ಮೂಗಿಗೆ ಒತ್ತಿಕೊಂಡ. ತುಂಡೊಂದನ್ನು ಕೆಂಪಿಯ ಮುಂದಿಟ್ಟು ಕುಕ್ಕರಗಾಲಲ್ಲಿ ಕೂತ.

“ತಿನ್ನವ್ವಾ. ನಾನ ತಂದೇನಿ, ತಿನ್ನ.”

ಕೆಂಪಿ ಮೂಸಿತು. ಬಾಯಿಂದ ಜೊಲ್ಲು ಇಳಿಯಿತು. ಒಮ್ಮೆ ಅವನ ಮುಖ ನೋಡಿ, ತುಂಡನ್ನು ಮೆಲ್ಲಗೆ ಕಚ್ಚಿ ಎತ್ತಿಕೊಂಡಿತು.

“ತಿಂತೈತ್ರಿ, ತಿಂತೈತಿ!” ಎಂದಳು ಹಾಲವ್ವ ಬಾಗಿಲಲ್ಲೇ.

ಕೆಂಪಿ ತಿನ್ನಲಿಲ್ಲ. ಹಿಂಗಾಲು ಎಳೆಯುತ್ತ ಹಿತ್ತಲು ದಾಟಿ, ತುಂಡನ್ನು ತಿಪ್ಪೆಯ ಮೇಲೆ ಬಿಸಾಕಿ ವಾಪಸು ಬಂತು. ಗೋಣಿಯ ಮೇಲೆ ಉಳಿದೊಂದು ಮರಿ ಕುಂಯ್‌ಗುಡುತ್ತಿತ್ತು. ಕೆಂಪಿ ಪರಮೇಶ್ವರಪ್ಪನ ಅಂಗೈಯ ಕೆಳಗೆ ತಲೆ ತಂದು, ಬಾಲ ಅಲ್ಲಾಡಿಸುತ್ತ ನಿಂತಿತು.