ಲೆಕ್ಕದಿಂದ ಹೊರಗಿಟ್ಟ ಹೊಗೆ

“ಕೆಮ್ಮೋದಿದ್ರೆ ಆಚೆ ಹೋಗಿ ಕೆಮ್ಮೇ, ದರಿದ್ರ ಮುಂಡೇದೇ! ಮಿಷಿನ್ ಮೇಲೆ ಎಂಜಲು ಹಾರಿ ಕೆಟ್ಟೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?”

ಯಜಮಾನ ಮುರಳಿಮೋಹನ್ ಗದರಿಸಿದ್ದು ಮಾಲಾಳನ್ನು. ಕುದಿಯುವ ಬಾಣಲೆಯಲ್ಲಿ ರೇಷ್ಮೆಗೂಡಿನ ಎಳೆ ಹುಡುಕುತ್ತಿದ್ದವಳು ಒದ್ದೆ ಕೈಯನ್ನೇ ಬಾಯಿಗೆ ಒತ್ತಿ ಕೆಮ್ಮನ್ನು ನುಂಗಿದಳು. ನುಂಗಿದ ಕೆಮ್ಮು ಹೋಗುವುದಾದರೂ ಎಲ್ಲಿಗೆ? ಅದು ಅವಳ ಹೆಗಲುಗಳನ್ನು ಹಿಡಿದು ಅಲುಗಿಸಿತು.

ಮಿಷಿನ್ ಎಂದರೆ ಬುತ್ತಿಡಬ್ಬಿಯಷ್ಟು ಗಾತ್ರದ ಬಿಳಿಯ ಪೆಟ್ಟಿಗೆ. ಗಾಳಿಯಲ್ಲಿ ತೇಲುವ, ಕಣ್ಣಿಗೆ ಕಾಣದ ಧೂಳನ್ನು ಅದು ಅಂಕಿಯಲ್ಲಿ ಹೇಳುತ್ತದಂತೆ. ಬೆಂಗಳೂರಿನ ಯಾವುದೋ ಸಂಸ್ಥೆಯಿಂದ ಬಂದ ಅಚ್ಯುತ್ ಎಂಬಾತ ಅಂಥವು ಮೂರನ್ನು ತಂದು, ಒಂದನ್ನು ಯಜಮಾನರ ಮನೆಯಲ್ಲಿ, ಒಂದನ್ನು ಆಫೀಸಿನಲ್ಲಿ, ಇನ್ನೊಂದನ್ನು ನಮ್ಮ ಶೆಡ್ಡಿನ ಕಂಬದಲ್ಲಿ ಕಟ್ಟಿದ್ದ.

ದಿಬ್ಬೂರಹಳ್ಳಿ ರಸ್ತೆಯಲ್ಲಿರುವ ನಮ್ಮ ಈ ನೂಲು ಬಿಚ್ಚುವ ಶೆಡ್ಡಿಗೆ ಐದು ಒಲೆ, ಒಂದು ಕಿಟಕಿ. ಹೊಗೆಕೊಳವೆ ಇಲ್ಲ. ಕಡಲೆಕಾಯಿ ಸಿಪ್ಪೆಯ ಹೊಗೆ ಮೊದಲು ನಮ್ಮನ್ನು ಹೊಕ್ಕು, ನಮ್ಮಲ್ಲಿ ತನಗೆ ಬೇಕಾದಷ್ಟು ಹೊತ್ತು ತಂಗಿದ್ದು, ಆಮೇಲೆ ಆಕಾಶವನ್ನು ಸೇರುತ್ತದೆ. ಕೊಳವೆ ನಾವೇ. ಮಾಲಾಳ ತಾಯಿ ವೆಂಕಟರತ್ನಮ್ಮ ಮೂರು ತಿಂಗಳಿಂದ ಬೇಡಿದ್ದು ಅದೊಂದನ್ನೇ.

“ಒಂದು ಕೊಳವೆ ಹಾಕ್ಸಿ ಯಜಮಾನ್ರೆ. ನನ್ ಮಗೀಗೆ ಉಸ್ರು ಸಿಕ್ಕಾಕ್ಕೊಳ್ತೈತೆ.”

ಕೊನೆಗೊಂದು ದಿನ ಮುರಳಿಮೋಹನ್ ಎಲ್ಲರೆದುರು ಮಾತು ಕೊಟ್ಟ. “ಮಿಷಿನ್ ಹೇಳ್ಲಿ. ಗಾಳಿ ಕೆಟ್ಟೈತೆ ಅಂದ್ರೆ ನಾಳೇನೇ ಕೊಳವೆ. ನೀವು ಹೇಳಿದ್ರೆ ನಂಬೋಕೆ ನಾನೇನು ಬಕ್ರಾನಾ?”

ಮಿಷಿನ್ ಹೇಳಿತು. ಮೊದಲ ಬಾಣಲೆ ಕುದಿ ಬರುವಷ್ಟರಲ್ಲಿ ಒಂಬೈನೂರ ತೊಂಬತ್ತೊಂಬತ್ತು. ಮಧ್ಯಾಹ್ನವೂ ಅದೇ, ಸಂಜೆಯೂ ಅದೇ, ಮರುದಿನವೂ ಅದೇ. ಜಪಕ್ಕೆ ಕುಳಿತಂತೆ ಒಂದೇ ಅಂಕಿ.

“ಗೆದ್ವಿ ಕಣಕ್ಕಾ,” ಎಂದ ಚರಕ ತಿರುಗಿಸುವ ಬಯ್ಯಪ್ಪ. “ಸಾವಿರಕ್ಕೆ ಒಂದೇ ಕಮ್ಮಿ. ನಮ್ ಕಾಲೋನಿನಾಗೆ ಇಷ್ಟು ಮಾರ್ಕ್ಸು ಯಾರ್ ತೆಗ್ದವ್ರೆ?”

ಐದನೆಯ ದಿನ ಅಚ್ಯುತ್ ಬಂದ. ಅಂಕಿಯನ್ನು ನೋಡಿದ, ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದ, ಬಿಚ್ಚಿ ಯಜಮಾನರ ಮನೆಗೆ ಒಯ್ದು ಮರಳಿ ತಂದ. “ಅಲ್ಲಿ ಮೂವತ್ತೆಂಟು ತೋರಿಸ್ತು.”

“ನೋಡಿದ್ರಾ?” ಮುರಳಿಮೋಹನ್ ನಕ್ಕ. “ನಮ್ಮನೇಲಿ ನಿಜ ಹೇಳೋ ಮಿಷಿನ್ನು ಇಲ್ಲಿಗ್ ಬಂದ್ರೆ ಸುಳ್ಳು ಹೇಳ್ತದೆ. ಸಹವಾಸದೋಷ.”

“ಸುಳ್ಳಲ್ಲ ಸಾರ್. ಇದಕ್ಕೆ ಒಂಬೈನೂರ ತೊಂಬತ್ತೊಂಬತ್ತರ ಮೇಲೆ ಎಣಿಸೋಕೆ ಬರಲ್ಲ. ಜೊತೆಗೆ ಬಾಣಲೆ ಹಬೆ ಬೇರೆ. ನೀರಿನ ಹನೀನೂ ಧೂಳು ಅಂತ ಎಣಿಸಿಬಿಡುತ್ತೆ. ಹೊಗೆ ಎಷ್ಟು, ಹಬೆ ಎಷ್ಟು ಅಂತ ಹೇಳೋಕಾಗಲ್ಲ.”

“ಅಂದ್ರೆ ಬರೀ ಹಬೆ! ನೆಗಡಿಗೆ ಒಳ್ಳೇದು.”

ವೆಂಕಟರತ್ನಮ್ಮ ಎದ್ದು ನಿಂತಳು. “ನಮ್ ಶೆಡ್ಡಿನ ಲೆಕ್ಕ ಏನಾಯ್ತು ಸಾರ್?”

ಅಚ್ಯುತ್ ಹಾಳೆ ತಿರುವಿದ. “ಇಲ್ಲಿನ ಅಂಕಿ ನಂಬೋ ಹಾಗಿಲ್ಲಮ್ಮ. ಅದಕ್ಕೇ ಹೊರಗಿಟ್ಟಿದೀವಿ. ಮನೆ, ಆಫೀಸು, ಎರಡರ ಸರಾಸರಿ ನಲವತ್ತೊಂದು. ಪರವಾಗಿಲ್ಲ ಅನ್ನೋ ಮಟ್ಟ.”

“ಹೊರಗಿಟ್ರಾ?” ಅವಳು ನಕ್ಕಳು, ಆ ನಗುವಿನಲ್ಲಿ ಹಲ್ಲುಗಳು ಮಾತ್ರ ಇದ್ದವು. “ನಮ್ ತಾತನ್ನ ಊರಿಂದ ಹೊರಗಿಟ್ರು, ನಮ್ಮಪ್ಪನ್ನ ಗುಡಿಯಿಂದ ಹೊರಗಿಟ್ರು. ಈಗ ನಮ್ ಹೊಗೇನೂ ಹೊರಗಿಟ್ರಿ. ಅಲ್ಲಾ ಸಾಮಿ, ಹೊಗೆ ಹೊರಗಿಡಿ ಅಂತ್ಲೇ ಅಲ್ವಾ ನಾನು ಕೊಳವೆ ಕೇಳಿದ್ದು?”

“ನಾಲಿಗೆ ಉದ್ದ ಆಯ್ತು ನಿಂದು,” ಎಂದ ಮುರಳಿಮೋಹನ್. “ಕೊಳವೆನೂ ಇಲ್ಲ, ಗಿಳವೆನೂ ಇಲ್ಲ. ಕೂತ್ಕೊಂಡು ನೂಲು ತೆಗಿ.”

ಅವಳು ಕೂರಲಿಲ್ಲ. “ಸರ್ಯಾಗಿ ಎಣ್ಸೋ ಮಿಷಿನ್ನೇ ಇಲ್ವಾ ಸಾರ್ ಲೋಕ್ದಾಗೆ?”

“ಇದೆಯಮ್ಮ. ದೊಡ್ಡ ಪೆಟ್ಟಿಗೆ. ಹಬೆಯನ್ನ ಒಣಗಿಸಿ, ಧೂಳು ಎಷ್ಟಿದ್ರೂ ಎಣಿಸುತ್ತೆ. ಈ ಚಿಕ್ಕವನ್ನೆಲ್ಲ ಅದರ ಪಕ್ಕದಲ್ಲಿಟ್ಟೇ ತಾಳೆ ನೋಡೋದು. ಯಜಮಾನರ ಹಾಲ್‌ನಲ್ಲಿದೆ.”

“ಇಲ್ಲಿಗ್ಯಾಕ್ ತರ್ಲಿಲ್ಲ?”

ಅಚ್ಯುತ್ ನೆಲ ನೋಡಿದ. ಕೆಟ್ಟವನಲ್ಲ, ಉತ್ತರ ಗೊತ್ತಿದ್ದುದೇ ಅವನ ಕಷ್ಟ. “ತುಂಬಾ ಬೆಲೆಯದು. ಇಷ್ಟೊಂದು ಧೂಳಲ್ಲಿ ಇಟ್ರೆ ಕೆಟ್ಟುಹೋಗುತ್ತೆ.”

ಬಯ್ಯಪ್ಪನ ಚರಕ ನಿಂತಿತು.

“ಮಿಷಿನ್ ಕೆಡ್ತದೆ,” ಎಂದಳು ವೆಂಕಟರತ್ನಮ್ಮ ಮೆಲ್ಲಗೆ. “ನನ್ ಮಗಳು ಕೆಡಲ್ಲ.”

ಅವಳು ಒಲೆಯತ್ತ ತಿರುಗಿದಳು. ಕಬ್ಬಿಣದ ತಟ್ಟೆಗೆ ಒಲೆಯ ಕೆಂಡವನ್ನು ಎಳೆದುಕೊಂಡಳು, ಮಡಿಲ ತುಂಬ ಸಿಪ್ಪೆ ಕಟ್ಟಿಕೊಂಡಳು. ಬಯ್ಯಪ್ಪ ಗೂಡು ಸಮೇತ ಬಾಣಲೆಯನ್ನೆತ್ತಿದ. ಉಳಿದ ನಾವು ಹಿಂದೆ ನಡೆದೆವು, ಯಜಮಾನರ ಮನೆಯತ್ತ.

“ಏಯ್! ಎಲ್ಲಿಗ್ರೋ? ಹೊಸ್ತಿಲು... ಲೇ ಹೊಸ್ತಿಲು!”

ಹನ್ನೆರಡು ವರ್ಷ ಆ ಹೊಸ್ತಿಲ ಈಚೆ ನಿಂತು ನಾವು ಕೂಲಿ ಈಸಿಕೊಂಡಿದ್ದೆವು. ದಾಟುವಾಗ ತಿಳಿಯಿತು, ಅದು ಗೇಣೆತ್ತರವೂ ಇರಲಿಲ್ಲ.

ಕನ್ನಡಿಯಂಥ ಗ್ರಾನೈಟ್ ನೆಲದ ಮೇಲೆ, ದೊಡ್ಡ ಪೆಟ್ಟಿಗೆಯ ಮುಂದೆ ವೆಂಕಟರತ್ನಮ್ಮ ಕೆಂಡವನ್ನಿಟ್ಟಳು. ಅದರ ಮೇಲೆ ಬಾಣಲೆ ಕೂತಿತು. ಬಯ್ಯಪ್ಪ ಕಿಟಕಿ ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಸಿಪ್ಪೆ ಹೊಗೆಯಾಡಿತು, ಹಬೆಯೆದ್ದಿತು. ಪೆಟ್ಟಿಗೆಯ ಮುಖದಲ್ಲಿ ಐವತ್ತೆರಡು. ಮುನ್ನೂರ ಹತ್ತು. ಒಂಬೈನೂರು. ನಾವೆಲ್ಲ ಉಸಿರು ಹಿಡಿದೆವು. ಸಾವಿರದ ನಾನೂರು.

“ಹಬೆ ಒಣಗ್ಸೇ ಅಲ್ವಾ ಸಾರ್ ಎಣ್ಸಿದ್ದು?” ವೆಂಕಟರತ್ನಮ್ಮ ಕೇಳಿದಳು.

ಕಣ್ಣೊರೆಸಿಕೊಳ್ಳುತ್ತ ಅಚ್ಯುತ್ ತಲೆಯಾಡಿಸಿದ. ಪೆನ್ನಿನ ತುದಿ ಹಾಳೆಯ ಮೇಲಿತ್ತು, ಕದಲಿರಲಿಲ್ಲ.

“ಬರೀಬೇಡ್ರೀ! ಇದು ಲೆಕ್ಕಕ್ಕಿಲ್ಲ!” ಮುರಳಿಮೋಹನ್ ಶರ್ಟಿನ ತುದಿಯನ್ನು ಮೂಗಿಗೆ ಹಿಡಿದು ಕೂಗಿದ.

“ಆತ್ರ ಇಲ್ಲ ಸಾರ್, ನೀವು ಬರ್ಯೋಗಂಟ ಕಾಯ್ತೀನಿ,” ಎಂದು ವೆಂಕಟರತ್ನಮ್ಮ ಅಚ್ಯುತ್‌ಗೆ ಹೇಳಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಮಡಿಲಿನಿಂದ ಇನ್ನೊಂದು ಹಿಡಿ ಸಿಪ್ಪೆ ತೆಗೆದು ಕೆಂಡಕ್ಕೆ ಹಾಕಿದಳು.