ಕೋಟೆ ನೋಡಲು ಅಪ್ಪಣೆ

ನಂಜನಗೂಡಿನ ಬಂಗಲೆಯ ಜಗಲಿಯ ಮೇಲೆ ಓವೆನ್ ದೊರೆಗಳು ಮೊಣಕಾಲೂರಿ ಕೂತು ರಂಗೋಲಿ ಪುಡಿಯಲ್ಲಿ ಕೋಟೆ ಕಟ್ಟುತ್ತಿದ್ದರು. ಪುಡಿ ಮಗುವಿನ ಆಯಾ ಮುತ್ತಮ್ಮನದು. ರೈಲುಹಾದಿಯ ಇಂಜಿನಿಯರರಾದ ಅವರ ಕೈಗೆ ನೇರ ಗೆರೆ ಸಲೀಸು. ಗುಂಡು ಬುರುಜುಗಳು ಮಾತ್ರ ಹಲಸಿನಕಾಯಿಯ ಹಾಗೆ ಬಂದವು.

"ಇದು ಕಂದಕ. ಗೋಡೆಯ ಕೆಳಗೆ ಅಜ್ಜಿಯ ಮನೆ. ಊರು ಸೇರಿದ ಮಾರನೇ ದಿನವೇ ಎಲ್ಲರೂ ಕೋಟೆಗೆ" ಎಂದರು ಮಗಳಿಗೆ, ಮುತ್ತಮ್ಮನಿಗೂ ತಿಳಿಯಲೆಂದು ಕನ್ನಡದಲ್ಲೇ. ಬರುವ ತಿಂಗಳು ಅವರ ಸಂಸಾರ ರಜೆಯ ಮೇಲೆ ವೇಲ್ಸ್ ಸೀಮೆಗೆ ಹಡಗು ಹತ್ತುವುದಿತ್ತು. ಆ ಕೋಟೆ ಆರೇಳುನೂರು ವರ್ಷದ ಹಿಂದಿನದಂತೆ.

ಐದು ವರ್ಷದ ಗ್ವೆನ್ ಆಡುತ್ತಿದ್ದದ್ದು ಮುತ್ತಮ್ಮನಿಂದ ಕಲಿತ, ಅವಳ ತವರು ಕವಲಂದೆಯ ಮಾತು. "ಮುತ್ತವ್ವನೂ ಬರ್ಲಿ. ಇಲ್ದಿದ್ರೆ ನಾನು ಓಗಲ್ಲ ಕಣಪ್ಪ."

ಮುತ್ತಮ್ಮ ಬಗ್ಗಿ ಕೋಟೆಯ ಬಾಗಿಲನ್ನೇ ನೋಡಿದಳು. "ಸಾ, ಬಾಗ್ಲಲ್ಲಿ ದೇವ್ರೆಲ್ಲಿ?"

"ಯಾವ ದೇವರು?"

"ಕ್ವಾಟೆ ಮಾರವ್ವ. ಇಲ್ಲಾಂದ್ರೆ ಅನುಮಂತ್ರಾಯ. ದೇವ್ರಿಲ್ದೆ ಕ್ವಾಟೆ ಎಂಗ್ ನಿಂತ್ಕೊಂಡಾತು?"

ದೊರೆಗಳು ನಕ್ಕರು. ಮುತ್ತಮ್ಮ ನಗಲಿಲ್ಲ. ಒಂದೇ ತಿಂಗಳಲ್ಲಿ ಗಂಡನನ್ನೂ ಹಸುಗೂಸನ್ನೂ ಕಳೆದುಕೊಂಡು, ಎದೆಯಲ್ಲಿ ಹಾಲಿದ್ದೂ ಮಡಿಲು ಬರಿದಾಗಿ ಕೂತಿದ್ದವಳು ಅವಳು. ಜ್ವರದಲ್ಲಿ ಮಲಗಿದ್ದ ದೊರೆಸಾನಿ ತಮ್ಮ ಕೂಸನ್ನು ಆ ಮಡಿಲಿಗೆ ಹಾಕಿಸಿದ್ದರು. ನನ್ನ ಮಗಳನ್ನು ನೀನು ಬದುಕಿಸಿದೆ ಎಂದು ಅವರು ಇಂದಿಗೂ ಹೇಳುತ್ತಾರೆ. ಯಾರು ಯಾರನ್ನು ಬದುಕಿಸಿದ್ದು ಎಂಬುದು ಮುತ್ತಮ್ಮನಿಗೆ ಗೊತ್ತು. ಮಗುವಿನ ಜೊತೆ ಹೋಗಲು ಅವಳಿಗೆ ಮನಸ್ಸಿದೆ. ಆದರೆ ಕುಲದ ಯಜಮಾನರ ಅಪ್ಪಣೆಯಿಲ್ಲದೆ ಕಡಲು ದಾಟಿದರೆ ತವರಿನ ಬಾಗಿಲು ಮುಚ್ಚಿದ ಹಾಗೆಯೇ. ದೇವರ ಕೆಲಸವೆಂದರೆ ಅವರು ಬೇಡ ಎನ್ನಲಾರರು.

ಒಳಗಿನಿಂದ ಬಂದ ದೊರೆಸಾನಿ ಅವಳ ಮುಖ ನೋಡಿ ಹೇಳಿದರು: "ಕೋಟೆಯೊಳಗೆ ಒಂದು ಗುಡಿಯಿದೆ, ಮುತ್ತಮ್ಮ. ಸೂರು ಬಿದ್ದಿದೆ. ಈಗ ಅಲ್ಲಿ ಯಾರೂ ದೀಪ ಇಡುವುದಿಲ್ಲ."

ಆ ಭಾನುವಾರ ಕವಲಂದೆಯ ಅರಳಿಕಟ್ಟೆಯ ಮೇಲೆ ಹಿರಿಯರು ಸೇರಿದರು. ಯಜಮಾನ ಹುಚ್ಚಯ್ಯ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ: "ಅಷ್ಟ್ ದೂರ ಯಾಕವ್ವ?"

"ನಾನಿಲ್ದಿದ್ರೆ ಮಗು ಉಣ್ಣಲ್ಲ ಯಜಮಾನ್ರೆ. ಅವರೂರಲ್ಲಿ ಕ್ವಾಟೆ ನೋಡಾಕೂ ಕರೀತಾವ್ರೆ."

ಮುತ್ತಮ್ಮನ ತಮ್ಮ ಮರಿಸ್ವಾಮಿ ಸಿಡುಕಿದ. "ಪಾಳುಗ್ವಾಡೆ ನೋಡಾಕೆ ಕಡಲು ದಾಟ್ತಾಳಂತೆ! ನಮ್ಮ ಇತ್ಲಲ್ಲೇ ಒಂದು ಬಿದ್ದದೆ, ದಿನಾ ನೋಡ್ಲಿ!"

ಕಟ್ಟೆಯೆಲ್ಲ ಗೊಳ್ಳೆಂದಿತು. ಹುಚ್ಚಯ್ಯ ಕೈಯೆತ್ತಿದ. "ಅಲ್ಲಿ ದೇವ್ರು ಅದಾ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾರಮ್ಮನ ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮಗುವನ್ನು ಕೊಟ್ಟ ತಾಯಿಯ ಊರಿಗೆ ಸುಳ್ಳು ಹೇಳಿ ಹೋಗಲು ಬಾಯಿ ಬರಲಿಲ್ಲ.

"ಗುಡಿ ಅದೆ. ಸೂರಿಲ್ಲ, ದೀಪ ಇಲ್ಲ. ನಮ್ಮ ಮಾರವ್ವ ಅಲ್ಲ, ಅವರ ದೇವ್ರು."

ಮರಿಸ್ವಾಮಿ ಗೆದ್ದವನಂತೆ ಸುತ್ತ ನೋಡಿದ. ಹುಚ್ಚಯ್ಯ ಎಲೆ ಬಾಯಿಗಿಟ್ಟು ನಿಧಾನವಾಗಿ ಅಗಿದ.

"ಯಾವ ದೇವ್ರಾದ್ರೇನು, ಕತ್ಲಲ್ಲಿ ಕೂತದೆ. ದೀಪ ಅಚ್ಚಾಕೆ ಓಗೋ ಎಣ್ಣುಮಗಳನ್ನ ತಡೆದ್ರೆ ಆ ಪಾಪ ಯಾರ್ ತಲೆಗೆ ಬತ್ತದೆ? ನಿನ್ ತಲೆಗಾ ಮರಿಸ್ವಾಮಿ? ಓಗ್ಬಾ ತಾಯಿ. ಬಂದ್ಮೇಲೆ ಒಳೇಲಿ ಮುಳುಗಿ ಬಾ, ಅಷ್ಟೇಯ."

ಅವನು ಕೊಟ್ಟ ವೀಳ್ಯವನ್ನು ಕಣ್ಣಿಗೊತ್ತಿಕೊಂಡ ಮುತ್ತಮ್ಮ ಕಟ್ಟೆಯ ಮುಂದಿನ ಮಣ್ಣಿನಲ್ಲಿ ಅಡ್ಡಬಿದ್ದಳು. ಹೆಂಗಸರು ಒಬ್ಬೊಬ್ಬರೇ ಬಂದರು. ಅವರಲ್ಲಿ ಪುಟ್ಟಬಸಮ್ಮ ದೀಪಕ್ಕೆಂದು ಹರಳೆಣ್ಣೆ ತಂದಳು. "ನನ್ನೆಸ್ರಲ್ಲೂ ಒಂದು ಬತ್ತಿ ಆಕವ್ವ" ಎಂದಳು.

ವಾಪಸು ಬಿಡಲು ಮರಿಸ್ವಾಮಿಯೇ ಗಾಡಿ ಹೂಡಿದ. ಊರು ದಾಟಿದ ಮೇಲೆ ಕೇಳಿದ:

"ಅಲ್ಲಿ ಗಾಳಿ ಜೋರಂತೆ. ದೀಪ ಆರೋದ್ರೆ?"

"ಇನ್ನೊಂದ್ಸಲ ಅಚ್ತೀನಿ ಕಣ್ಲಾ."

"ಅಚ್ಚು." ಅವನು ಎತ್ತಿನ ಬೆನ್ನನ್ನೇ ನೋಡುತ್ತಿದ್ದ. "ಆರೋಯ್ತಾನೇ ಇರ್ತದೆ ಅಂತ ಅಲ್ಲೇ ಕುಂತ್ಬುಟ್ಟೀಯೆ. ನಂಗೆ ಅಕ್ಕ ಅನ್ನೋಳು ನೀನೊಬ್ಳೇಯ."

ಇಷ್ಟು ದಿನದ ಅವನ ಕೋಪ ಏನೆಂದು ಅವಳಿಗೆ ಆಗ ಹೊಳೆಯಿತು. ಮುಂದಕ್ಕೆ ಸರಿದು ಬಂದು ತಮ್ಮನ ಪಕ್ಕದಲ್ಲಿ ಗಾಡಿಯ ಮುಂಭಾಗದ ಮೂಕಿಯ ಮೇಲೆ ಕೂತಳು.